ಮುಂದಿನ ಕೋಚ್ ನಮ್ಮ ಮನೆಯಿಂದ ಬರಲಿ

ಶಾಲಾ ಕ್ರೀಡಾಕೂಟ ಮುಗಿದ ಸಂಜೆ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಎಷ್ಟೋ ಮನೆಗಳಿಗೆ ಒಂದು ಸರ್ಟಿಫಿಕೇಟ್ ಬರುತ್ತದೆ. 1,500 ಮೀಟರ್ ಪ್ರಥಮ, 3,000 ಮೀಟರ್ ದ್ವಿತೀಯ. ಉಮ್ಮ ಅದನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ, ರೇಷನ್ ಕಾರ್ಡು ಇಡುವ ಫೈಲಿನಲ್ಲೇ ಇಡುತ್ತಾರೆ. ಎಸೆಸೆಲ್ಸಿ ಮುಗಿಯುತ್ತದೆ, ಪಿಯುಸಿ ಬರುತ್ತದೆ. ಓಡಿದ ಹುಡುಗ ಅಂಗಡಿಯಲ್ಲಿ ಕೂರುತ್ತಾನೆ, ಇಲ್ಲಾಂದ್ರೆ ಪಾಸ್‌ಪೋರ್ಟ್ ಮಾಡಿಸಲು ಹೊರಡುತ್ತಾನೆ. ಓಡಿದ ಹುಡುಗಿಯ ಶೂ ಅಟ್ಟಕ್ಕೆ ಹೋಗುತ್ತದೆ. ಸರ್ಟಿಫಿಕೇಟ್ ಮಾತ್ರ ಫೈಲಿನಲ್ಲೇ ಉಳಿಯುತ್ತದೆ.

ಇದೇ ಹೊತ್ತಿಗೆ ಇಲ್ಲಿಂದ ಒಂದು ಬಸ್ಸಿನ ದೂರದಲ್ಲಿರುವ ಮೂಡುಬಿದಿರೆಗೆ ತಮಿಳುನಾಡು, ಉತ್ತರ ಪ್ರದೇಶ, ಹರಿಯಾಣ ಅಂತ ದೂರದ ರಾಜ್ಯಗಳ ಮಕ್ಕಳು ಬ್ಯಾಗು ಹಿಡಿದು ಬಂದಿಳಿಯುತ್ತಾರೆ. ಬರುವುದು ಓಡಲಿಕ್ಕೆ. ಓಟದ ಹೆಸರಿನಲ್ಲಿ ಅವರಿಗೆ ಕಾಲೇಜು ಸಿಗುತ್ತದೆ, ಹಾಸ್ಟೆಲ್ ಸಿಗುತ್ತದೆ, ಊಟ ಸಿಗುತ್ತದೆ. ಎರಡು ದಿನ ರೈಲಿನಲ್ಲಿ ಕೂತು ಬಂದವರಿಗೆ ಕಂಡ ದಾರಿ ಗುರುವಾಯನಕೆರೆಯಲ್ಲೋ ಕಲ್ಲಡ್ಕದಲ್ಲೋ ಇರುವ ನಮ್ಮ ಮನೆಗಳಿಗೆ ಯಾಕೆ ಕಾಣುವುದಿಲ್ಲ? ಇವತ್ತಿನ ಮಾತು ಅದರದ್ದೇ. ಪದಕದ ಬಗ್ಗೆ ಸ್ವಲ್ಪ ಹೇಳುವುದಿದೆ. ಅದಕ್ಕಿಂತ ಹೆಚ್ಚು ಹೇಳಬೇಕಾದ್ದು ಓಟವನ್ನು ಕಲಿಸುವ ಕೆಲಸದ ಬಗ್ಗೆ, ಅಂದರೆ ಕೋಚ್ ಬಗ್ಗೆ.

ನಾಲ್ಕನೆಯವನ ಆಟ

ಕ್ರಾಸ್ ಕಂಟ್ರಿ ಅಂದರೆ ಟ್ರ್ಯಾಕ್ ಬಿಟ್ಟು ಹುಲ್ಲು, ಮಣ್ಣು, ಏರು ತಗ್ಗುಗಳಲ್ಲಿ ಓಡುವ ದೂರದ ಓಟ. ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್‌ಶಿಪ್‌ನಲ್ಲಿ ಹಿಂದೆ ಗಂಡಸರಿಗೆ 12 ಕಿ.ಮೀ., ಹೆಂಗಸರಿಗೆ 8 ಕಿ.ಮೀ. ಇತ್ತು. 2017ರಿಂದ ಇಬ್ಬರಿಗೂ 10 ಕಿ.ಮೀ. ಮಾಡಿದ್ದಾರೆ. ಓಡುವವರು ಒಬ್ಬೊಬ್ಬರೇ ಆದರೂ ಗೆಲ್ಲುವುದು ತಂಡ. ಲೆಕ್ಕ ಸುಲಭ: ತಂಡದ ಮೊದಲ ನಾಲ್ಕು ಮಂದಿ ಎಷ್ಟನೆಯವರಾಗಿ ಗುರಿ ಮುಟ್ಟಿದರೋ ಆ ಸಂಖ್ಯೆಗಳನ್ನು ಕೂಡಿಸುತ್ತಾರೆ. ಮೊತ್ತ ಕಡಿಮೆ ಇದ್ದವರು ವಿನ್ನರ್.

ಒಂದು ಉದಾಹರಣೆ ನೋಡಿ. ಒಂದು ತಂಡಕ್ಕೆ ಮೊದಲ ಮತ್ತು ಎರಡನೇ ಸ್ಥಾನ ಎರಡೂ ಬಂತು. ಆದರೆ ಉಳಿದಿಬ್ಬರು 30ನೇ ಮತ್ತು 40ನೇ ಸ್ಥಾನಕ್ಕೆ ಜಾರಿದರು. ಒಟ್ಟು 73 ಆಯಿತು. ಇನ್ನೊಂದು ತಂಡದಲ್ಲಿ ಒಬ್ಬರಿಗೂ ಪದಕವಿಲ್ಲ. 10, 11, 12, 13 ಅಂತ ಒಟ್ಟಿಗೇ ಬಂದರು. ಒಟ್ಟು 46. ಕಪ್ ಇವರದ್ದು. ನಮಾಝಿಗೆ ನಿಂತಾಗ ಸಫ್ ನಡುವೆ ಜಾಗ ಬಿಡಬೇಡಿ ಎಂದು ಉಸ್ತಾದರು ಹೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ಮಾತನ್ನು ಕ್ರಾಸ್ ಕಂಟ್ರಿ ಕೋಚ್ ಕೂಡ ಹೇಳುತ್ತಾನೆ. ಮುಂದಿನವನು ಎಷ್ಟು ಜೋರಾಗಿ ಓಡಿದ ಎನ್ನುವುದಕ್ಕಿಂತ ಹಿಂದಿನವನು ಎಷ್ಟು ಹತ್ತಿರ ಉಳಿದ ಎನ್ನುವುದು ಮುಖ್ಯ. ಹಾಗಾಗಿ ಊರಿಗೊಬ್ಬ ಹೀರೋ ಇದ್ದರೆ ಈ ಆಟ ಗೆಲ್ಲಲು ಆಗುವುದಿಲ್ಲ. ಸಾಧಾರಣ ಓಟಗಾರನನ್ನು ಒಳ್ಳೆಯ ಓಟಗಾರನಾಗಿ ಮಾಡಬಲ್ಲ ಕೋಚ್ ಬೇಕು.

ಮೂಡುಬಿದಿರೆಗೆ ಈ ಗುಟ್ಟು ಗೊತ್ತಾಗಿ ಬಹಳ ಕಾಲವಾಯಿತು. 1995ರಲ್ಲಿ ಶುರುವಾದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕ್ರೀಡಾ ದತ್ತು ಯೋಜನೆಯಡಿ ಪ್ರತಿಭೆ ಇರುವ ಮಕ್ಕಳಿಗೆ ಉಚಿತವಾಗಿ ಓದು, ವಸತಿ, ಊಟ ಕೊಟ್ಟು ಬೆಳೆಸುತ್ತಿದೆ. ಪೇಟೆಯ ಸ್ವರಾಜ್ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ಇದೇ ಮೈದಾನದಲ್ಲಿ ನಡೆಯಿತು, ಸಮಗ್ರ ಪ್ರಶಸ್ತಿ ಮಂಗಳೂರು ವಿಶ್ವವಿದ್ಯಾಲಯಕ್ಕೆ ಬಂತು. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಬೆಳ್ಳಿ ಗೆದ್ದ ಧರುಣ್ ಅಯ್ಯಸಾಮಿ ತಮಿಳುನಾಡಿನ ತಿರುಪ್ಪೂರು ಜಿಲ್ಲೆಯವರು, ಕಾಲೇಜು ಓದಿದ್ದು ಮೂಡುಬಿದಿರೆಯಲ್ಲಿ. ಇತ್ತ ಉಜಿರೆಯ ಎಸ್‌ಡಿಎಂ ಕಾಲೇಜಿಗೂ ಆಟೋಟದಲ್ಲಿ ಹಳೆಯ ಹೆಸರಿದೆ. ಮೈದಾನ, ಹಾಸ್ಟೆಲ್, ತರಬೇತಿ ಎಲ್ಲವೂ ನಮ್ಮ ಕಣ್ಣೆದುರೇ ಇದೆ ಎನ್ನಲು ಇಷ್ಟು ಸಾಕು.

ಕಲಿಸುವವನೂ ಓಡುತ್ತಾನೆ

ಕೋಚ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕುತ್ತಿಗೆಗೆ ವಿಸಿಲ್, ಕೈಯಲ್ಲಿ ಸ್ಟಾಪ್‌ವಾಚ್, ತಲೆಗೆ ಟೊಪ್ಪಿ ಹಾಕಿ ಬದಿಯಲ್ಲಿ ನಿಂತ ವ್ಯಕ್ತಿ. ಓಟ ನಿಂತ ಮೇಲೆ ಕೋಚ್ ಆಗುವುದು ಎಂಬ ಲೆಕ್ಕ. ಆದರೆ ಎರಡನ್ನೂ ಒಟ್ಟಿಗೇ ಮಾಡುವವರಿದ್ದಾರೆ. ಅಂಥ ಒಬ್ಬರು ಅಮೆರಿಕದ ಸಿ.ಜೆ. ಆಲ್ಬರ್ಟ್‌ಸನ್.

ಕ್ಯಾಲಿಫೋರ್ನಿಯಾದ ಒಳನಾಡಿನಲ್ಲಿ ಫ್ರೆಸ್ನೋ ನಗರದ ಪಕ್ಕ ಕ್ಲೋವಿಸ್ ಅಂತ ಒಂದು ಪೇಟೆ. ಬೇಸಿಗೆಯಲ್ಲಿ ಸುಡುವ ಬಿಸಿಲು, ಸುತ್ತ ತೋಟ, ಹೊಲ. ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಆಲ್ಬರ್ಟ್‌ಸನ್ ಕ್ರಾಸ್ ಕಂಟ್ರಿ ಮತ್ತು ಟ್ರ್ಯಾಕ್ ಕೋಚ್. ಕಮ್ಯುನಿಟಿ ಕಾಲೇಜು ಅಂದರೆ ದೊಡ್ಡ ಹೆಸರಿನ ವಿಶ್ವವಿದ್ಯಾಲಯವಲ್ಲ. ಊರಿನ ಮಕ್ಕಳು ಕಡಿಮೆ ಫೀಸಿನಲ್ಲಿ ಎರಡು ವರ್ಷ ಓದಿ ಆಮೇಲೆ ಬೇರೆ ಕಡೆ ಡಿಗ್ರಿ ಮುಗಿಸಲು ಹೋಗುವ ಜಾಗ. ಅಂಥ ಕಾಲೇಜಿನ ಕೋಚ್ ಆಗಿದ್ದುಕೊಂಡೇ ಅವರು ಅಮೆರಿಕದ ಮುಂಚೂಣಿ ಮ್ಯಾರಥಾನ್ ಓಟಗಾರರಲ್ಲಿ ಒಬ್ಬರಾದರು.

2019ರಲ್ಲಿ ನ್ಯೂಯಾರ್ಕಿನ ಒಂದು ಒಳಾಂಗಣ ಟ್ರ್ಯಾಕಿನಲ್ಲಿ ಮ್ಯಾರಥಾನ್ ಓಡಿದರು. 200 ಮೀಟರಿನ ಪುಟ್ಟ ಟ್ರ್ಯಾಕು, 42 ಕಿ.ಮೀ. ಮುಗಿಸಲು ಸುಮಾರು 211 ಸುತ್ತು. 2 ಗಂಟೆ 17 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿ ಒಳಾಂಗಣ ಮ್ಯಾರಥಾನಿನ ವಿಶ್ವದಾಖಲೆ ಮಾಡಿದರು. 2020ರಲ್ಲಿ ಕೊರೋನಾದಿಂದ ಜಗತ್ತಿನ ರೇಸುಗಳೆಲ್ಲ ನಿಂತಿದ್ದಾಗ ತಮ್ಮ ಊರಿನಲ್ಲೇ 50 ಕಿ.ಮೀ. ಓಡಿ, 2 ಗಂಟೆ 42 ನಿಮಿಷ 30 ಸೆಕೆಂಡಿನ ಹೊಸ ವಿಶ್ವಶ್ರೇಷ್ಠ ಸಮಯ ಬರೆದರು. ಮುಂದಿನ ವರ್ಷವೇ ಅದನ್ನು ಬೇರೊಬ್ಬರು ಮುರಿದರು, ಅದು ಬೇರೆ ಮಾತು.

ಅವರ ಹೆಸರು ಜನಕ್ಕೆ ಗೊತ್ತಾದದ್ದು 2021ರ ಅಕ್ಟೋಬರಿನ ಬೋಸ್ಟನ್ ಮ್ಯಾರಥಾನಿನಲ್ಲಿ. ಬೋಸ್ಟನ್ ರೇಸ್ ಶುರುವಾಗುವುದೇ ಇಳಿಜಾರಿನಲ್ಲಿ. ಗನ್ ಹೊಡೆದ ಕೂಡಲೇ ಆಲ್ಬರ್ಟ್‌ಸನ್ ಒಬ್ಬರೇ ಮುಂದೆ ಹೋದರು. ಕೆನ್ಯಾ, ಇಥಿಯೋಪಿಯಾದ ಘಟಾನುಘಟಿಗಳು ಹಿಂದೆ ಉಳಿದರು. ಅರ್ಧ ದೂರಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಮುನ್ನಡೆ. 32 ಕಿ.ಮೀ. ದಾಟಿ ಏರು ಬಂದಾಗ ಹಿಂದಿನ ಗುಂಪು ಹಿಡಿಯಿತು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕುಸಿಯುತ್ತಾರೆ, ಕೆಲವರು ಬದಿಗೆ ಸರಿದು ಕೂತೇ ಬಿಡುತ್ತಾರೆ. ಇವರು ಕೂರಲಿಲ್ಲ. 2 ಗಂಟೆ 11 ನಿಮಿಷ 44 ಸೆಕೆಂಡಿನಲ್ಲಿ ಹತ್ತನೆಯವರಾಗಿ ಗುರಿ ಮುಟ್ಟಿದರು. ಗೆದ್ದ ಬೆನ್ಸನ್ ಕಿಪ್ರುಟೊಗಿಂತ ಎರಡು ನಿಮಿಷಕ್ಕೂ ತುಸು ಕಡಿಮೆ ಹಿಂದೆ, ಅಷ್ಟೇ.

ಆಮೇಲೂ ಇಳಿದದ್ದಿಲ್ಲ. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ ಒಲಿಂಪಿಕ್ಸಿಗೆ ಅಮೆರಿಕದ ತಂಡ ಆರಿಸುವ ಓಟದಲ್ಲಿ ಐದನೆಯವರಾದರು. ಅದೇ ವರ್ಷ ಬೋಸ್ಟನ್‌ನಲ್ಲಿ ಏಳನೇ ಸ್ಥಾನ, ಅಕ್ಟೋಬರಿನಲ್ಲಿ ಷಿಕಾಗೋದಲ್ಲಿ 2 ಗಂಟೆ 8 ನಿಮಿಷ 17 ಸೆಕೆಂಡಿನಲ್ಲಿ ಮತ್ತೆ ಏಳನೇ ಸ್ಥಾನ. ಈ ವೇಗ ಎಷ್ಟು ಅಂತ ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕಿ.ಮೀ.ಗೆ ಸುಮಾರು 3 ನಿಮಿಷ 2 ಸೆಕೆಂಡ್. ಬಿ.ಸಿ.ರೋಡಿನಿಂದ ಮಂಗಳೂರಿಗೆ ಹತ್ತಿರ ಹತ್ತಿರ 25 ಕಿ.ಮೀ. ಆ ವೇಗದಲ್ಲಿ ಒಂದೂಕಾಲು ಗಂಟೆಯ ಓಟ. ಪಂಪ್‌ವೆಲ್‌ನಲ್ಲಿ ಟ್ರಾಫಿಕ್ ಬ್ಲಾಕ್ ಆದ ದಿನ ನಮ್ಮ ಬಸ್ಸಿಗೂ ಅಷ್ಟೇ ಹೊತ್ತು ಬೇಕಲ್ವಾ!

ಇಲ್ಲಿ ಗಮನಿಸಬೇಕಾದ್ದು ಸಮಯವನ್ನಲ್ಲ, ಬದುಕಿನ ಜೋಡಣೆಯನ್ನು. ಅಲ್ಲಿ ಕ್ರಾಸ್ ಕಂಟ್ರಿ ಸೀಸನ್ ಸೆಪ್ಟೆಂಬರ್‌ನಿಂದ ನವೆಂಬರ್. ಆ 2021ರ ಬೋಸ್ಟನ್, 2024ರ ಷಿಕಾಗೋ ಎರಡೂ ಆ ಸೀಸನ್ನಿನ ಮಧ್ಯೆಯೇ ಬಂದವು. ಅಂದರೆ ಮಕ್ಕಳ ರೇಸು, ತನ್ನ ರೇಸು ಎರಡೂ ಒಂದೇ ಹೊತ್ತಿಗೆ. ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಹಾಗಾಗಿ ಅವರ ಬಹಳಷ್ಟು ತರಬೇತಿ ಟ್ರೆಡ್‌ಮಿಲ್ ಮೇಲೇ ನಡೆಯುತ್ತದೆ. ಸಂಬಳದ ಕೆಲಸ ಬಿಟ್ಟು ಬೆಟ್ಟದ ಮೇಲಿನ ಕ್ಯಾಂಪಿಗೆ ಹೋಗಿ ತಿಂಗಳುಗಟ್ಟಲೆ ಕೂರುವ ದಾರಿ ಅವರದ್ದಲ್ಲ. ಇದ್ದ ಊರು, ಇದ್ದ ಕೆಲಸ, ಇದ್ದ ಹೊತ್ತು ಇವುಗಳ ನಡುವೆಯೇ ಜಾಗ ಮಾಡಿಕೊಂಡರು. ಓಟ ಮಕ್ಕಳಾಟ, ಕೆಲಸ ಸಿಕ್ಕಿದ ಮೇಲೆ ಬಿಡಬೇಕಾದ್ದು ಎಂದು ನಂಬಿದ ನಮ್ಮ ಮನೆಗಳಿಗೆ ಇದು ಯೋಚಿಸಬೇಕಾದ ವಿಷಯ. ಇಲ್ಲಿ ಓಟವೇ ಕೆಲಸ ಕೊಟ್ಟಿದೆ, ಕೆಲಸ ಓಟವನ್ನು ಉಳಿಸಿದೆ.

ಓಡುವ ಕೋಚಿಗೆ ಏನು ಗೊತ್ತಿರುತ್ತದೆ?

ಸ್ವತಃ ಓಡುವವನಿಗೆ ಗೊತ್ತಿರುವ ಮೊದಲ ಸಂಗತಿ, ಹೆಚ್ಚಿನ ದಿನ ನಿಧಾನ ಓಡಬೇಕು ಎನ್ನುವುದು. ನಮ್ಮ ಹುಡುಗರು ಪ್ರಾಕ್ಟೀಸ್ ಅಂದರೆ ದಿನಾ ಉಸಿರು ಕಟ್ಟುವಷ್ಟು ಓಡುವುದು ಎಂದುಕೊಳ್ಳುತ್ತಾರೆ. ಎರಡು ವಾರದಲ್ಲಿ ಮೊಣಕಾಲ ಕೆಳಗೆ ಮುಂಗಾಲಿನ ಎಲುಬು ನೋಯಲು ಶುರುವಾಗುತ್ತದೆ, ಓಟ ನಿಲ್ಲುತ್ತದೆ. ದೂರದ ಓಟದ ತರಬೇತಿಯಲ್ಲಿ ವಾರದ ಬಹುಪಾಲು ಓಟ ಪಕ್ಕದವನ ಜೊತೆ ಮಾತಾಡಲು ಆಗುವಷ್ಟು ಹಗುರ ಇರಬೇಕು. ವಾರಕ್ಕೆ ಒಂದು ದಿನ ಉದ್ದದ ಓಟ. ಒಂದೆರಡು ದಿನ ಮಾತ್ರ ಜೋರು: ಒಮ್ಮೆ ಏರು ಹತ್ತಿ ಇಳಿಯುವುದು, ಇನ್ನೊಮ್ಮೆ ಇಪ್ಪತ್ತು ನಿಮಿಷ ಬಿಗಿಯಾಗಿ ಒಂದೇ ವೇಗದಲ್ಲಿ ಓಡುವುದು. ಒಂದು ದಿನ ಪೂರ್ತಿ ರಜೆ. ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುವುದು.

ಕಾಲು ನೋಯುತ್ತಿದೆ ಎಂದು ಮಗು ಹೇಳಿದಾಗ ಅದು ದಣಿವಿನ ನೋವೋ ಗಾಯದ ನೋವೋ ಎಂದು ಓಡುವ ಕೋಚ್ ಬೇಗ ಗುರುತಿಸುತ್ತಾನೆ, ಯಾಕೆಂದರೆ ಎರಡನ್ನೂ ಅವನು ತಿಂದಿದ್ದಾನೆ. ಬೋಸ್ಟನ್‌ನಲ್ಲಿ ಮುಂದಿದ್ದು ಆಮೇಲೆ ಹಿಂದೆ ಬಿದ್ದವನಿಗೆ, ತಾಲೂಕು ಕೂಟದಲ್ಲಿ ಕೊನೆಯ ಸುತ್ತಿನಲ್ಲಿ ಸೋತು ಅಳುವ ಹುಡುಗನಿಗೆ ಏನು ಹೇಳಬೇಕು ಅಂತ ಯಾರೂ ಕಲಿಸಬೇಕಾಗಿಲ್ಲ. ಒಂದು ಅಪಾಯವೂ ಇದೆ. ತನಗೆ ಹಿಡಿದದ್ದು ಎಲ್ಲರಿಗೂ ಹಿಡಿಯುತ್ತದೆ ಎಂದು ಹದಿನೇಳರ ಹುಡುಗನಿಗೆ ತನ್ನ ಕಿಲೋಮೀಟರು ಹೊರಿಸಿದರೆ ಆ ಹುಡುಗ ಮುರಿದು ಬೀಳುತ್ತಾನೆ. ಒಳ್ಳೆಯ ಕೋಚ್ ತನ್ನ ಓಟವನ್ನು ಅಳತೆಗೋಲು ಮಾಡುವುದಿಲ್ಲ.

ಜಾಗದ ವಿಷಯದಲ್ಲಿ ನಮಗೆ ದೂರು ಹೇಳುವ ಹಕ್ಕಿಲ್ಲ. ಈ ಮೂರು ತಾಲೂಕುಗಳಲ್ಲಿ ಏರು ತಗ್ಗಿಲ್ಲದ ಅರ್ಧ ಕಿ.ಮೀ. ದಾರಿ ಹುಡುಕುವುದೇ ಕಷ್ಟ. ಮುರಕಲ್ಲಿನ ಪದವು, ರಬ್ಬರ್ ತೋಟದ ಮಣ್ಣು ದಾರಿ, ಗದ್ದೆ ಬದು, ಶಾಲೆಯ ಮೈದಾನ ಎಲ್ಲವೂ ಕ್ರಾಸ್ ಕಂಟ್ರಿಯ ಕೋರ್ಸೇ. ಮಳೆಗಾಲದ ಮೂರ್ನಾಲ್ಕು ತಿಂಗಳು ಪಾಚಿ ಹಿಡಿದ ದಾರಿ ಜಾರುತ್ತದೆ ನಿಜ. ಆಗ ಶಾಲೆಯ ಜಗಲಿಯಲ್ಲಿ ಹಗ್ಗ ಹಾರುವುದು, ಮೆಟ್ಟಿಲು ಹತ್ತುವುದು, ಹೊಟ್ಟೆ ಬೆನ್ನಿನ ವ್ಯಾಯಾಮ. ದುಬಾರಿ ಯಂತ್ರ ಬೇಕಾಗಿಲ್ಲ. ಹೆದ್ದಾರಿ ಬದಿಯಲ್ಲಿ ಕತ್ತಲಲ್ಲಿ ಓಡಿಸುವುದು ಮಾತ್ರ ಬೇಡವೇ ಬೇಡ.

ಮದ್ರಸ, ನೋಂಬು, ಮನೆ ಊಟ

ನಮ್ಮ ಮನೆಗಳ ನಿಜವಾದ ಪ್ರಶ್ನೆಗಳು ಬೇರೆ. ಮೊದಲನೆಯದ್ದು ಹೊತ್ತಿನದ್ದು. ಓಟಕ್ಕೆ ಒಳ್ಳೆಯ ಹೊತ್ತು ಬೆಳಗ್ಗೆ, ಮದ್ರಸದ ಹೊತ್ತೂ ಅದೇ. ಮದ್ರಸ ಬಿಟ್ಟು ಓಡು ಎಂದು ಯಾವ ಮನೆಯೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಹತ್ತನೇ ತರಗತಿಯವರೆಗೆ ವಾರಕ್ಕೆ ಮೂರ್ನಾಲ್ಕು ಸಂಜೆ, ಅಸರ್ ಮುಗಿಸಿ ಮಗ್ರಿಬ್‌ಗೆ ಮುಂಚೆ, ನಲ್ವತ್ತು ನಿಮಿಷ ಓಡಿದರೆ ಆ ವಯಸ್ಸಿಗೆ ಬೇಕಾದಷ್ಟಾಯಿತು. ಕಾಲೇಜಿಗೆ ಬಂದ ಮೇಲೆ ಸುಬ್‌ಹಿ ನಮಾಝ್ ಮುಗಿಸಿ ನೇರ ಮೈದಾನಕ್ಕೆ ಹೋಗಬಹುದು. ಬೇರೆಯವರು ಅಲಾರಂ ಇಟ್ಟು ಒದ್ದಾಡುವ ಹೊತ್ತಿಗೆ ಎದ್ದು ಅಭ್ಯಾಸ ಇರುವ ಮಕ್ಕಳು ನಮ್ಮವರು. ಇದೊಂದು ಅನುಕೂಲವೇ.

ಎರಡನೆಯದ್ದು ನೋಂಬು. ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಬರುತ್ತದೆ. 2026ರಲ್ಲಿ ಅದು ಫೆಬ್ರವರಿ-ಮಾರ್ಚ್. 2028ರಲ್ಲಿ ಜನವರಿ ಕೊನೆಗೆ ಶುರು. 2030ರಲ್ಲಂತೂ ಜನವರಿ ಮೊದಲ ವಾರ ಒಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ರಮಝಾನ್ ಆರಂಭ. ವಿಶ್ವವಿದ್ಯಾಲಯಗಳ ದೊಡ್ಡ ಕೂಟಗಳು ಬರುವುದು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲೇ. ಅಂದರೆ ಇವತ್ತು ಹೈಸ್ಕೂಲಿನಲ್ಲಿರುವ ಮಗು ಡಿಗ್ರಿಗೆ ಹೋಗುವ ಹೊತ್ತಿಗೆ ನೋಂಬು ಮತ್ತು ರೇಸು ಎದುರುಬದುರು ಆಗುತ್ತವೆ. ಈಗಲೇ ಯೋಚಿಸಿಟ್ಟುಕೊಂಡರೆ ಒಳ್ಳೆಯದು.

ನೋಂಬಿನಲ್ಲಿ ಓಡುವ ಮುಸ್ಲಿಂ ಓಟಗಾರರು ಸಾಮಾನ್ಯವಾಗಿ ಮಾಡುವುದು ಇಷ್ಟು: ಹಗುರ ಓಟವನ್ನು ಇಫ್ತಾರಿಗೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಇಟ್ಟುಕೊಳ್ಳುವುದು, ಮುಗಿದ ಕೂಡಲೇ ನೀರು ಖರ್ಜೂರ ಸಿಗುತ್ತದೆ. ಜೋರು ಓಟವಿದ್ದರೆ ತರಾವೀಹ್ ಆದ ಮೇಲೆ. ಇಫ್ತಾರಿನಿಂದ ಸಹರಿವರೆಗೆ ನೀರನ್ನು ಒಮ್ಮೆಗೇ ಸುರಿದುಕೊಳ್ಳದೆ ಸ್ವಲ್ಪ ಸ್ವಲ್ಪ ಕುಡಿಯುವುದು. ಆ ತಿಂಗಳು ಒಟ್ಟು ದೂರ ಇಳಿಸುವುದು. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸುವುದು. ದೂರದ ಊರಿನಲ್ಲಿ ರೇಸ್ ಇದ್ದರೆ ಪ್ರಯಾಣಿಕನ ನೋಂಬಿನ ವಿಷಯ ಉಸ್ತಾದರಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಬೇಕು, ಕೋಚಿಗೂ ಮೊದಲೇ ಹೇಳಿಡಬೇಕು. ನಮ್ಮವನೇ ಕೋಚ್ ಆಗಿದ್ದರೆ ಹೇಳುವ ಅಗತ್ಯವೇ ಬರುವುದಿಲ್ಲ, ಪ್ಲಾನ್ ಮಾಡುವಾಗಲೇ ಅವನ ತಲೆಯಲ್ಲಿ ಅದು ಇರುತ್ತದೆ.

ಮೂರನೆಯದ್ದು ಊಟ. ಪೇಟೆಯ ಡಬ್ಬಿಯ ಪೌಡರ್ ಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೂರ ಓಡುವವನಿಗೆ ಮುಖ್ಯ ಬೇಕಾದ್ದು ಅನ್ನ, ಅದು ನಮ್ಮಲ್ಲಿ ಗಂಜಿಯಾಗಿ, ಪುಂಡಿಯಾಗಿ, ಪತ್ತಿರ್ ಆಗಿ ಇದ್ದೇ ಇದೆ. ಬೂತಾಯಿ ಮೀನು, ಮೊಟ್ಟೆ, ಹೆಸರುಕಾಳು, ಬಸಳೆ, ಬಾಳೆಹಣ್ಣು ಇದ್ದರೆ ಮತ್ತೇನು ಬೇಕು? ಓಡುವ ಹೆಣ್ಣುಮಕ್ಕಳಲ್ಲಿ ರಕ್ತದ ಕಬ್ಬಿಣಾಂಶ ಬೇಗ ಇಳಿಯುತ್ತದೆ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಯಾರೋ ಕೊಟ್ಟ ಇಂಜೆಕ್ಷನ್, ಹೆಸರಿಲ್ಲದ ಮಾತ್ರೆ ಮುಟ್ಟಲೇಬಾರದು. ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದರೆ ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ.

ಮಗಳು ಓಡಬೇಕು ಅಂದರೆ

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ತಪ್ಪಿಸಿಕೊಂಡು ಹೋಗಬಾರದ ಪ್ರಶ್ನೆಯೂ ಹೌದು. ಡ್ರೆಸ್ ಹೇಗೆ, ಕಳಿಸುವುದು ಯಾರ ಜೊತೆ, ಉಳಿಯುವುದು ಎಲ್ಲಿ, ಕೋಚ್ ಯಾರು? ಉಮ್ಮಂದಿರು ಕೇಳುವ ಈ ನಾಲ್ಕೂ ಪ್ರಶ್ನೆಗಳಲ್ಲಿ ನ್ಯಾಯವಿದೆ. ಯಾವುದೇ ಧರ್ಮದ ತಾಯಿ ಕೇಳುವ ಪ್ರಶ್ನೆಗಳೇ ಇವು.

ಡ್ರೆಸ್ಸಿನ ಮಾತಿಗೆ ಉತ್ತರ ಇದೆ. ಬಹರೈನಿನ ರುಕಯ್ಯಾ ಅಲ್ ಗಸ್ರಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಹಿಜಾಬ್ ಹಾಕಿ, ಮೈ ಪೂರ್ತಿ ಮುಚ್ಚಿದ ಉಡುಪಿನಲ್ಲಿ ಓಡಿ 200 ಮೀಟರ್ ಚಿನ್ನ ಗೆದ್ದರು. ಹೀಗೆ ಹಗುರ ಬಟ್ಟೆಯಲ್ಲಿ ಮೈ ಮುಚ್ಚಿ ಓಡುವುದು ಹೊಸ ಸಂಗತಿಯಲ್ಲ.

ಇನ್ನು ಸಿಫಾನ್ ಹಸನ್ ಕಥೆ. ಇಥಿಯೋಪಿಯಾದಲ್ಲಿ ಹುಟ್ಟಿ, 2008ರಲ್ಲಿ ಹದಿನೈದರ ಹುಡುಗಿಯಾಗಿದ್ದಾಗ ನಿರಾಶ್ರಿತೆಯಾಗಿ ನೆದರ್‌ಲ್ಯಾಂಡ್ಸ್‌ಗೆ ಬಂದವರು. ಅಲ್ಲಿ ನರ್ಸಿಂಗ್ ಓದುತ್ತಾ ಓಡಿದರು. 2023ರ ಏಪ್ರಿಲ್ 23ರಂದು ಲಂಡನ್‌ನಲ್ಲಿ ತಮ್ಮ ಮೊದಲ ಮ್ಯಾರಥಾನ್ ಓಡಿದಾಗ ಈದ್ ಕಳೆದು ಎರಡೇ ದಿನ ಆಗಿತ್ತು, ಕೊನೆಯ ಹಂತದ ತರಬೇತಿಯೆಲ್ಲ ರಮಝಾನ್ ತಿಂಗಳಲ್ಲೇ. ಓಟದ ನಡುವೆ ಸೊಂಟ ಹಿಡಿದು ನಿಂತು, ಕಾಲು ಎಳೆದು ಸರಿಮಾಡಿಕೊಂಡು, ಮುಂದಿದ್ದವರನ್ನು ಮತ್ತೆ ಹಿಡಿದು ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 5,000 ಮತ್ತು 10,000 ಮೀಟರ್ ಎರಡರಲ್ಲೂ ಕಂಚು, ಕೊನೆಯ ದಿನ ಮ್ಯಾರಥಾನ್‌ನಲ್ಲಿ 2 ಗಂಟೆ 22 ನಿಮಿಷ 55 ಸೆಕೆಂಡಿನ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ. ಸಮಾರೋಪದಲ್ಲಿ ಆ ಪದಕ ಪಡೆಯಲು ಅವರು ಹಿಜಾಬ್ ಧರಿಸಿ ಬಂದದ್ದನ್ನು ಜಗತ್ತೇ ನೋಡಿತು.

ಆದರೆ ಉಳಿದ ಮೂರು ಪ್ರಶ್ನೆಗಳಿಗೆ ಸಿಫಾನ್ ಉತ್ತರ ಕೊಡಲಾರರು. ಯಾರ ಜೊತೆ ಕಳಿಸುವುದು, ಕೋಚ್ ಯಾರು ಎಂಬುದಕ್ಕೆ ಉತ್ತರ ಊರಿನಲ್ಲೇ ಹುಟ್ಟಬೇಕು. ಮಗಳ ಕೋಚ್ ಒಬ್ಬ ಹೆಂಗಸು, ಅದೂ ನಮ್ಮ ನೆಂಟರ ಪೈಕಿ, ನಮ್ಮ ಜಮಾಅತಿನವಳು ಅಂತ ಗೊತ್ತಾದರೆ ಅರ್ಧ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಅಂಥವಳು ಆಕಾಶದಿಂದ ಇಳಿದು ಬರುವುದಿಲ್ಲ. ಇವತ್ತು 3,000 ಮೀಟರ್ ಓಡಿ ಸರ್ಟಿಫಿಕೇಟ್ ತಂದ ಹುಡುಗಿಯನ್ನು ಡಿಗ್ರಿ ಮುಗಿಯುವವರೆಗೆ ಓಡಲು ಬಿಟ್ಟರೆ, ಆಮೇಲೆ ಎರಡು ವರ್ಷ ಬಿ.ಪಿ.ಎಡ್. ಓದಿಸಿದರೆ, ಆ ಕೋಚ್ ಅವಳೇ. ನಾವು ಕಾಯುತ್ತಿರುವವಳನ್ನು ನಾವೇ ಮನೆಯಲ್ಲಿ ನಿಲ್ಲಿಸಿದ್ದೇವೆ.

ದಾರಿ ಹೇಗೆ?

ಓಟದಿಂದ ಹೊಟ್ಟೆ ತುಂಬುತ್ತದಾ ಎಂದು ಬಾಪ ಕೇಳುವುದು ಸರಿಯೇ. ಪದಕದಿಂದಲೇ ಬದುಕುವವರು ಬೆರಳೆಣಿಕೆ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಮುಹಮ್ಮದ್ ಅಫ್ಸಲ್ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದರು, ಅವರಿಗೆ ವಾಯುಸೇನೆಯ ಕೆಲಸವಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ರೈತನ ಮಗ ಅವಿನಾಶ್ ಸಾಬ್ಳೆ ಸೈನ್ಯಕ್ಕೆ ಸೇರಿದ ಮೇಲೆ 2015ರಲ್ಲಿ ಕ್ರಾಸ್ ಕಂಟ್ರಿ ಓಡಲು ಶುರು ಮಾಡಿದವರು. ಸೈನ್ಯದ ಕೋಚ್ ಅಮರೀಶ್ ಕುಮಾರ್ ಅವರ ಕಣ್ಣಿಗೆ ಬಿದ್ದು ಸ್ಟೀಪಲ್‌ಚೇಸ್ ಹಿಡಿದರು, 2022ರ ಕಾಮನ್‌ವೆಲ್ತ್ ಬೆಳ್ಳಿ, ಏಷ್ಯನ್ ಗೇಮ್ಸ್ ಚಿನ್ನ ಬಂತು. ಸೇನೆ, ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೇಮಕಾತಿ ಇದೆ. ಆದರೆ ಅಷ್ಟು ಎತ್ತರಕ್ಕೆ ಹೋಗದವರಿಗೂ ಕೆಲಸ ಕೊಡುವ ದಾರಿ ಕಲಿಸುವುದರಲ್ಲಿದೆ.

ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಾಗಲು ಡಿಗ್ರಿಯ ಮೇಲೆ ಬಿ.ಪಿ.ಎಡ್. ಬೇಕು. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಲು ಎಂ.ಪಿ.ಎಡ್., ಜೊತೆಗೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಮಂಗಳಗಂಗೋತ್ರಿಯಲ್ಲೇ ಮಂಗಳೂರು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗ ಇದೆ. ಬರೀ ಕೋಚ್ ಆಗಬೇಕೆಂದರೆ 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ, ಜನ ಎನ್‌ಐಎಸ್ ಎನ್ನುವುದು ಅದನ್ನೇ. ಆರು ವಾರದ ಸಣ್ಣ ಕೋರ್ಸೂ ಇದೆ. ಈ ಎಲ್ಲ ಕಡೆ ಸೇರಲು ವಿಶ್ವವಿದ್ಯಾಲಯ ಮಟ್ಟದಲ್ಲಿ ಓಡಿದ ಸರ್ಟಿಫಿಕೇಟಿಗೆ ತೂಕ ಇದೆ. ಫೈಲಿನಲ್ಲಿಟ್ಟ ಕಾಗದ ಕೆಲಸಕ್ಕೆ ಬರುವುದು ಹೀಗೆ, ಆದರೆ ಅದು ಎಸೆಸೆಲ್ಸಿಗೇ ನಿಲ್ಲಬಾರದು.

ಮುಸ್ಲಿಮನೊಬ್ಬ ದೊಡ್ಡ ಕೋಚ್ ಆದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಹೈದರಾಬಾದಿನ ಇಲ್ಯಾಸ್ ಬಾಬರ್. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ನಲ್ಲಿ ಓಡಿ ಏಳನೆಯವರಾದ ಶ್ರೀರಾಮ್ ಸಿಂಗ್ ಅವರನ್ನು ಬೆಳೆಸಿದ್ದು ಇವರೇ. ಆ ದಿನ ಶ್ರೀರಾಮ್ ಓಡಿದ 1 ನಿಮಿಷ 45.77 ಸೆಕೆಂಡು ನಲ್ವತ್ತು ವರ್ಷಕ್ಕಿಂತ ಹೆಚ್ಚು ಕಾಲ ಭಾರತದ ದಾಖಲೆಯಾಗಿ ಉಳಿಯಿತು. ಇಲ್ಯಾಸ್ ಬಾಬರ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ರಾಜಸ್ಥಾನದ ಸಿಪಾಯಿ, ಹೈದರಾಬಾದಿನ ಸಾಹೇಬರು. ಯಾರು ಯಾವ ಜಾತಿ ಎಂದು ಸ್ಟಾಪ್‌ವಾಚ್ ಕೇಳುವುದಿಲ್ಲ.

ಮನೆಯವರು ಮಾಡಬಹುದಾದ್ದು

– ಮಗು ಶಾಲೆಯಲ್ಲಿ 1,500 ಅಥವಾ 3,000 ಮೀಟರ್ ಗೆದ್ದರೆ ದೈಹಿಕ ಶಿಕ್ಷಕರನ್ನು ಖುದ್ದು ಭೇಟಿಯಾಗಿ. ಮುಂದಿನ ಹಂತದ ಕೂಟ, ಹಾಸ್ಟೆಲ್ ಆಯ್ಕೆಯ ಟ್ರಯಲ್ಸ್ ಯಾವಾಗ ಎಂದು ಅವರಿಗೆ ಗೊತ್ತಿರುತ್ತದೆ.

– ಪಿಯುಸಿಗೆ ಸೇರಿಸುವ ಮುಂಚೆಯೇ ಕ್ರೀಡಾ ಸೀಟಿನ ಬಗ್ಗೆ ಕಾಲೇಜಿನಲ್ಲಿ ವಿಚಾರಿಸಿ. ಸರ್ಟಿಫಿಕೇಟ್ ಮೂಲಪ್ರತಿ ಮಳೆಗೆ ಒದ್ದೆಯಾಗದಂತೆ ಇಡಿ, ಝೆರಾಕ್ಸ್ ಮಾಡಿಸಿಡಿ.

– ಹಾಸ್ಟೆಲ್ ಅಂದರೆ ಉಮ್ಮ ಬಾಪ ಇಬ್ಬರೂ ಹೋಗಿ ನೋಡಿ. ವಾರ್ಡನ್ ಯಾರು, ಹುಡುಗಿಯರ ಜೊತೆ ಕೂಟಕ್ಕೆ ಹೋಗುವ ಟೀಚರ್ ಯಾರು, ಜುಮುಅ ನಮಾಝಿಗೆ ಎಲ್ಲಿ ಹೋಗುವುದು, ನೋಂಬಿಗೆ ಸಹರಿ ಸಿಗುತ್ತದಾ ಎಂದು ನೇರ ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

– ಮೊದಲ ಖರ್ಚು ಒಳ್ಳೆಯ ಒಂದು ಜೊತೆ ಓಟದ ಶೂ. ಕ್ಯಾನ್ವಾಸ್ ಶೂ ಹಾಕಿ ಡಾಮರಿನ ಮೇಲೆ ಓಡಿಸಬೇಡಿ.

– ನಮ್ಮ ಜಮಾಅತ್, ಯುವಕರ ಸಂಘಗಳು ಕ್ರಿಕೆಟ್ ಅಂಡರ್‌ಆರ್ಮ್ ಟೂರ್ನಮೆಂಟಿಗೆ ಟ್ರೋಫಿ ಇಡುತ್ತವೆ. ಅದರಲ್ಲಿ ಒಂದು ಪಾಲು ತೆಗೆದು ಊರಿನ ಒಬ್ಬ ಹುಡುಗ ಅಥವಾ ಹುಡುಗಿಯ ಬಿ.ಪಿ.ಎಡ್. ಫೀಸು ಕಟ್ಟಲಿ. ಟ್ರೋಫಿ ಕಪಾಟಿನಲ್ಲಿ ಉಳಿಯುತ್ತದೆ, ಕೋಚ್ ಊರಿನಲ್ಲಿ ಉಳಿಯುತ್ತಾರೆ.

ಕ್ಲೋವಿಸ್‌ನಂಥ ಸಾಧಾರಣ ಪೇಟೆಯ ಸಾಧಾರಣ ಕಾಲೇಜಿನಲ್ಲಿ ಕಲಿಸುತ್ತಾ ಒಬ್ಬ ಮನುಷ್ಯ ಬೋಸ್ಟನ್‌ನಲ್ಲಿ 32 ಕಿ.ಮೀ. ಎಲ್ಲರಿಗಿಂತ ಮುಂದೆ ಓಡಿದ. ನಮ್ಮ ಮಕ್ಕಳೆಲ್ಲ ಅಷ್ಟು ಓಡಬೇಕಾಗಿಲ್ಲ. ಕ್ರಾಸ್ ಕಂಟ್ರಿಯ ಲೆಕ್ಕದಲ್ಲಿ ಹದಿಮೂರನೆಯವನಿಗೂ ಬೆಲೆ ಇದೆ. ಡಿಗ್ರಿ ಮುಗಿಯುವವರೆಗೆ ಓಡಿದ, ಓಡುವುದನ್ನು ಇನ್ನೊಬ್ಬರಿಗೆ ಕಲಿಸಲು ಕಲಿತ ನಾಲ್ಕು ಮಂದಿ ಪಾಣೆಮಂಗಳೂರಿನಿಂದಲೋ ಮಡಂತ್ಯಾರಿನಿಂದಲೋ ಪುತ್ತಿಗೆಯಿಂದಲೋ ಬಂದರೆ ಸಾಕು, ಮುಂದಿನ ಹತ್ತು ವರ್ಷಕ್ಕೆ ಒಂದು ತಂಡವಾಯಿತು. ಈ ವರ್ಷ ಕ್ರೀಡಾಕೂಟದ ಸರ್ಟಿಫಿಕೇಟ್ ಮನೆಗೆ ಬಂದಾಗ ಫೈಲಿಗೆ ಹಾಕುವ ಮುಂಚೆ ಒಮ್ಮೆ ಮಗುವಿನ ಮುಖ ನೋಡಿ, ಇನ್ನೂ ಓಡಬೇಕಾ ಅಂತ ಕೇಳಿ.